ಅಡುಗೆಮನೆ ಪ್ರಶ್ನೋತ್ತರ: ಗಂಟು ಬನ್ನಿಗೆ ಒಬ್ಬಟ್ಟಿನ ಕಣಕದ ಹದ

ಮನೆಯಲ್ಲಿ ಬನ್ನು, ಬ್ರೆಡ್ಡು ಬೇಯಿಸುವ ಕುರಿತು ಪ್ರಶ್ನೆಗಳನ್ನು ಕಳುಹಿಸಿ ಎಂದು ಕಳೆದ ತಿಂಗಳು ಕೇಳಿದ್ದಕ್ಕೆ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಗಂಟು ಬನ್ನಿನ ಬಗ್ಗೆಯೇ ಇದ್ದವು. ಹಿಟ್ಟನ್ನು ಬೆರಳು ದಪ್ಪದ ಹಗ್ಗದಂತೆ ಹೊಸೆದು, ಸಡಿಲವಾಗಿ ಒಂದು ಗಂಟು ಹಾಕಿ, ಉಬ್ಬಲು ಬಿಟ್ಟು ಬೇಯಿಸುವ ಈ ಸಣ್ಣ ಬನ್ನು ನೋಡುವುದಕ್ಕೆ ತುರುಬಿನಂತಿರುತ್ತದೆ. ಹದವಾಗಿ ಬಂದಾಗ ಕೈಯಲ್ಲಿ ಬಿಡಿಸಿದರೆ ಹತ್ತಿಯ ಹಾಗೆ ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತದೆ. ಒಂದೇ ಅರ್ಥ ಬರುವ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ಅಳತೆಯಲ್ಲಿ ಹೇಳಿದಂತೆಯೇ ಎಲ್ಲವನ್ನೂ ಹಾಕುತ್ತೇನೆ. ಹಿಟ್ಟು ಕೈಗೆ ವಿಪರೀತ ಅಂಟುವುದರಿಂದ ಕೊನೆಯಲ್ಲಿ ಎರಡು ಹಿಡಿ ಮೈದಾ ಸೇರಿಸಿಕೊಂಡು ನಾದುತ್ತೇನೆ. ಓವನ್ನಿನಿಂದ ತೆಗೆದಾಗ ಬನ್ನು ಚೆನ್ನಾಗಿಯೇ ಇರುತ್ತದೆ. ಸಂಜೆಯ ಹೊತ್ತಿಗೆ ಗಟ್ಟಿಯಾಗಿ, ಮರುದಿನ ಮಕ್ಕಳು ಮುಟ್ಟುವುದಿಲ್ಲ. ನಮ್ಮಲ್ಲಿ ಸಿಗುವ ಮೈದಾ ಇದಕ್ಕೆ ಆಗಿಬರುವುದಿಲ್ಲವೇ?
(ಗೃಹಿಣಿ, ಕುವೆಂಪುನಗರ, ಮೈಸೂರು)

ಉತ್ತರ: ಮೈದಾದ ತಪ್ಪಿಲ್ಲ. ತೊಂದರೆ ಇರುವುದು ಕೊನೆಯಲ್ಲಿ ಸೇರಿಸಿಕೊಂಡ ಆ ಎರಡು ಹಿಡಿಯಲ್ಲಿ. ಎರಡು ಹಿಡಿ ಎಂದರೆ ಸುಮಾರು 70 ಗ್ರಾಂ ಆಗುತ್ತದೆ. 500 ಗ್ರಾಂ ಮೈದಾಗೆ 320 ಮಿಲಿ ಹಾಲು ಎಂದು ಹೇಳಿದ್ದರೆ ನೂರು ಗ್ರಾಂ ಹಿಟ್ಟಿಗೆ 64 ಮಿಲಿ ಹಾಲು ಸೇರಿದಂತಾಯಿತು. ನೀವು ಮೈದಾ ಹೆಚ್ಚಿಸಿದ ಮೇಲೆ ಅದು 56ಕ್ಕೆ ಇಳಿಯಿತು. ಕಾಗದದ ಮೇಲೆ ಈ ವ್ಯತ್ಯಾಸ ಸಣ್ಣದಾಗಿ ಕಂಡರೂ ಬನ್ನಿನ ಮೃದುತನ ಉಳಿಯುವುದೂ ಹೋಗುವುದೂ ಇಲ್ಲಿಯೇ.

ನಮ್ಮ ಕೈಗಳಿಗೆ ರೂಢಿಯಾಗಿರುವುದು ಚಪಾತಿ ಹಿಟ್ಟಿನ ಹದ. ಹಿಟ್ಟು ಪಾತ್ರೆಯನ್ನು ಬಿಟ್ಟು, ಕೈಯನ್ನೂ ಬಿಟ್ಟು, ಉಂಡೆಯಾಗಿ ನಿಂತರೆ ಕೆಲಸ ಮುಗಿಯಿತು ಎಂದು ಕೈ ತಾನೇ ತೀರ್ಮಾನಿಸುತ್ತದೆ. ಬನ್ನಿನ ಹಿಟ್ಟಿಗೆ ಈ ತೀರ್ಮಾನ ಹೊಂದುವುದಿಲ್ಲ. ಆದರೆ ಒಬ್ಬಟ್ಟು ಮಾಡುವ ಮನೆಗಳಲ್ಲಿ ಇನ್ನೊಂದು ಹದವೂ ಗೊತ್ತಿರುತ್ತದೆ. ಯುಗಾದಿಯ ಬೆಳಿಗ್ಗೆ ಚಿರೋಟಿ ರವೆಗೂ ಮೈದಾಗೂ ಚಿಟಿಕೆ ಅರಿಶಿನ ಹಾಕಿ ಸಡಿಲವಾಗಿ ಕಲಸಿ, ಸ್ವಲ್ಪ ಸ್ವಲ್ಪವೇ ಎಣ್ಣೆ ಕುಡಿಸುತ್ತಾ ನಾದಿ, ಮುಚ್ಚಿ ಎರಡು ಮೂರು ಗಂಟೆ ನೆನೆಯಲು ಬಿಟ್ಟ ಕಣಕವನ್ನು ನೆನಪಿಸಿಕೊಳ್ಳಿ. ಎತ್ತಿದರೆ ಅದು ಬೆರಳ ಸಂದಿನಿಂದ ಇಳಿಯುತ್ತದೆ, ಎಳೆದರೆ ಹರಿಯದೆ ತೆಳ್ಳಗಾಗುತ್ತದೆ, ಕೈಯಲ್ಲಿ ಹಿಡಿದರೆ ಜೀವವಿರುವಂತೆ ಅಲುಗುತ್ತದೆ. ಬನ್ನಿನ ಹಿಟ್ಟು ಅಷ್ಟು ಸಡಿಲವಿರಬೇಕಾಗಿಲ್ಲ. ಚಪಾತಿಯ ಹಿಟ್ಟಿಗೂ ಒಬ್ಬಟ್ಟಿನ ಕಣಕಕ್ಕೂ ನಡುವೆ, ಕಣಕದ ಕಡೆಗೇ ಹೆಚ್ಚು ವಾಲಿದಂತಿರಬೇಕು. ಇಷ್ಟು ವರ್ಷ ಮನೆಯಲ್ಲಿ ತರಗತಿ ನಡೆಸಿದ ಅನುಭವದಲ್ಲಿ ಹೇಳುತ್ತೇನೆ, ಗಟ್ಟಿ ಬನ್ನಿನ ದೂರು ತಂದವರಲ್ಲಿ ಹೆಚ್ಚಿನವರು ತಿದ್ದಿಕೊಳ್ಳಬೇಕಾಗಿದ್ದುದು ಇದೊಂದನ್ನೇ.

ಅಂಟುವ ಹಿಟ್ಟನ್ನು ಪಳಗಿಸುವುದಕ್ಕೆ ಮೈದಾ ಬೇಡ, ಸಮಯ ಸಾಕು. ಗೋಧಿಯಲ್ಲಿರುವ ಎರಡು ಬಗೆಯ ಪ್ರೋಟೀನುಗಳು ನೀರು ಕುಡಿದು ಒಂದಕ್ಕೊಂದು ಹೆಣೆದುಕೊಂಡಾಗ ಗ್ಲುಟೆನ್ ಎಂಬ ಜಾಲ ಉಂಟಾಗುತ್ತದೆ. ಕಲಸಿದ ಹಿಟ್ಟನ್ನು ನಾದದೆ 20 ನಿಮಿಷ ಮುಚ್ಚಿಟ್ಟರೆ ಈ ಹೆಣಿಗೆಯ ಅರ್ಧ ಕೆಲಸ ತಾನಾಗಿಯೇ ಆಗಿರುತ್ತದೆ. ಆಮೇಲೆ ಹಿಟ್ಟನ್ನು ಕಟ್ಟೆಯ ಮೇಲೆ ಹಾಕಿ, ಅಂಗೈಯ ಹಿಮ್ಮಡಿಯಿಂದ ಮುಂದಕ್ಕೆ ತಳ್ಳಿ, ಮಡಿಸಿ, ತಿರುಗಿಸಿ, ಮತ್ತೆ ತಳ್ಳುತ್ತಾ 12ರಿಂದ 15 ನಿಮಿಷ ನಾದಬೇಕು. ಮೊದಲ ಐದು ನಿಮಿಷ ಅದು ಕೈಗೂ ಕಟ್ಟೆಗೂ ಮೆತ್ತಿಕೊಂಡು ಬೇಸರ ತರಿಸುತ್ತದೆ. ಆ ಹಂತದಲ್ಲಿಯೇ ಎಲ್ಲರ ಕೈಯೂ ಮೈದಾದ ಡಬ್ಬಿಯ ಕಡೆಗೆ ಹೋಗುವುದರಿಂದ ಡಬ್ಬಿಯನ್ನು ದೂರ ಇಟ್ಟುಬಿಡಿ; ಬೇಕಾದರೆ ಅಂಗೈಗೆ ಎರಡು ತೊಟ್ಟು ಎಣ್ಣೆ ಸವರಿಕೊಳ್ಳಿ. ಹತ್ತನೆಯ ನಿಮಿಷದ ಹೊತ್ತಿಗೆ ಹಿಟ್ಟು ನುಣುಪಾಗಿ, ಒಂದೇ ಮೈಯಾಗಿ ಎದ್ದುಬರುತ್ತದೆ. ನಿಂಬೆ ಗಾತ್ರದ ತುಂಡನ್ನು ತೆಗೆದು ಎರಡೂ ಕೈಬೆರಳುಗಳಿಂದ ಮೆಲ್ಲಗೆ ಅಗಲಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಹರಿಯದೆ ಪೊರೆಯಂತಾಗಿ ಅದರ ಮೂಲಕ ಬೆರಳಿನ ನೆರಳು ಕಂಡರೆ ನಾದುವುದನ್ನು ನಿಲ್ಲಿಸಬಹುದು.

ಇನ್ನು ಮರುದಿನ ಗಟ್ಟಿಯಾಗುವ ವಿಚಾರ. ಬನ್ನು ಒಣಗಿ ಗಟ್ಟಿಯಾಗುತ್ತದೆ ಎಂಬುದು ಅರ್ಧ ಸತ್ಯವಷ್ಟೇ. ಬೆಂದಾಗ ನೀರು ಹೀರಿ ಅರಳಿದ ಪಿಷ್ಟ, ತಣ್ಣಗಾದ ಮೇಲೆ ಮೆಲ್ಲಮೆಲ್ಲನೆ ಮತ್ತೆ ಬಿಗಿದುಕೊಳ್ಳುತ್ತದೆ. ಉಳಿದ ಅನ್ನ ಫ್ರಿಜ್ಜಿನಲ್ಲಿ ಕಡ್ಡಿ ಕಡ್ಡಿಯಾಗುವುದಕ್ಕೂ ಇದೇ ಕಾರಣ. ಈ ಬಿಗಿತ ಅತಿ ಬೇಗ ಆಗುವುದು ಫ್ರಿಜ್ಜಿನ ತಂಪಿನಲ್ಲಿಯೇ ಆದ್ದರಿಂದ ಬನ್ನನ್ನು ಅದರೊಳಗೆ ಇಡಲೇಬಾರದು. ಮುಚ್ಚಳವಿರುವ ಡಬ್ಬಿಯಲ್ಲಿ ಹೊರಗೆ ಎರಡು ದಿನ ಇಡಬಹುದು. ಹೆಚ್ಚು ದಿನ ಬೇಕಿದ್ದರೆ ನೇರವಾಗಿ ಫ್ರೀಜರಿಗೆ ಹಾಕಿ, ಬೇಕಾದಾಗ ಇಡ್ಲಿ ಪಾತ್ರೆಯಲ್ಲಿ ಎರಡು ನಿಮಿಷ ಹಬೆಗಿಟ್ಟರೆ ಮೃದುತನ ಮರಳುತ್ತದೆ.

ಜಪಾನ್, ಚೀನಾ, ತೈವಾನ್‌ಗಳ ಬೇಕರಿಗಳಲ್ಲಿ ಇದಕ್ಕೊಂದು ಉಪಾಯವಿದೆ, ನಮ್ಮವರು ನಂಬಿ ಅನುಸರಿಸಬಹುದಾದದ್ದು. ಅಳತೆಯ ಮೈದಾದಿಂದಲೇ 25 ಗ್ರಾಂ, ಅಳತೆಯ ಹಾಲಿನಿಂದಲೇ 125 ಮಿಲಿ ತೆಗೆದು, ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಅಂಬಲಿಯ ಹಾಗೆ ಕಾಯಿಸಬೇಕು. ಸುಮಾರು 65 ಡಿಗ್ರಿ ಶಾಖಕ್ಕೆ ಅದು ದಪ್ಪಗಾಗಿ, ಸೌಟು ಎಳೆದ ಗೆರೆ ತಳದಲ್ಲಿ ಉಳಿಯುತ್ತದೆ. ಅದನ್ನು ತಣಿಸಿ ಉಳಿದ ಹಿಟ್ಟಿಗೆ ಸೇರಿಸಿದರೆ, ಮೊದಲೇ ಬೆಂದ ಪಿಷ್ಟ ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಬನ್ನು ಮೂರನೆಯ ದಿನವೂ ಒತ್ತಿದರೆ ಎದ್ದುಬರುತ್ತದೆ. ಕಾಯಿಸುವಾಗ ಆವಿಯಾಗಿ ಹೋದ ಭಾಗಕ್ಕೆಂದು ಒಂದೂವರೆ ದೊಡ್ಡ ಚಮಚ ಹಾಲನ್ನು ಮೇಲೆ ಸೇರಿಸಿಕೊಳ್ಳಿ. ರಾಗಿ ಅಂಬಲಿ ಕಾಯಿಸಿ ಗೊತ್ತಿರುವವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಪ್ರಶ್ನೆ: ಗಂಟು ಬನ್ನಿನ ಪೂರ್ತಿ ಅಳತೆಯನ್ನೂ ಕ್ರಮವನ್ನೂ ಮೊಟ್ಟೆಯಿಲ್ಲದಂತೆ ಕೊಡಿ. ನಮ್ಮ ಮನೆಯಲ್ಲಿ ತೂಕದ ಯಂತ್ರವಿಲ್ಲ.
(ಶ್ರೀರಂಗಪಟ್ಟಣ ಮತ್ತು ಸರಸ್ವತಿಪುರಂನ ಓದುಗರು)

ಉತ್ತರ: ಹದಿನಾರು ಬನ್ನಿಗೆ 500 ಗ್ರಾಂ ಮೈದಾ, 320 ಮಿಲಿ ಉಗುರುಬೆಚ್ಚಗಿನ ಹಾಲು, 50 ಗ್ರಾಂ ಸಕ್ಕರೆ, 50 ಗ್ರಾಂ ಮೆತ್ತಗಿನ ಬೆಣ್ಣೆ, 8 ಗ್ರಾಂ ಉಪ್ಪು, 6 ಗ್ರಾಂ ಇನ್‌ಸ್ಟಂಟ್ ಯೀಸ್ಟ್ ಬೇಕು. ತೂಕದ ಯಂತ್ರ ಇಲ್ಲದವರು 240 ಮಿಲಿಯ ಅಳತೆಯ ಕಪ್ಪಿನಲ್ಲಿ ಮೈದಾವನ್ನು ಚಮಚದಿಂದ ಸಡಿಲವಾಗಿ ತುಂಬಿ, ಮೇಲೆ ಚಾಕುವಿನಿಂದ ಸಮ ಮಾಡಿದರೆ ನಾಲ್ಕು ಕಪ್ಪು ಸುಮಾರು 500 ಗ್ರಾಂ ಆಗುತ್ತದೆ. ಕಪ್ಪನ್ನು ಡಬ್ಬಿಯೊಳಗೆ ಅದ್ದಿ ಒತ್ತಿ ತುಂಬಿದರೆ ಅದೇ ನಾಲ್ಕು ಕಪ್ಪು 600 ಗ್ರಾಮನ್ನೂ ಮುಟ್ಟಬಹುದು. ಯೀಸ್ಟ್ ಎರಡು ಟೀ ಚಮಚ, ಉಪ್ಪು ಒಂದೂವರೆ ಟೀ ಚಮಚ, ಸಕ್ಕರೆ ನಾಲ್ಕು ದೊಡ್ಡ ಚಮಚ. ಆದರೂ ಸಾಧ್ಯವಾದರೆ ಒಂದು ಸಣ್ಣ ತೂಕದ ಯಂತ್ರವನ್ನು ಕೊಂಡುಕೊಳ್ಳಿ ಎಂದೇ ನನ್ನ ಸಲಹೆ. ಹಿಂದೆ ನನ್ನ ತರಗತಿಯಲ್ಲಿ ಲೋಟದ ಲೆಕ್ಕದಲ್ಲಿ ಅಳತೆ ಕೊಡುತ್ತಿದ್ದೆ. ಒಬ್ಬೊಬ್ಬರ ಮನೆಯ ಲೋಟ ಒಂದೊಂದು ಗಾತ್ರದ್ದಾಗಿ, ಒಂದೇ ಅಳತೆಯಿಂದ ಹತ್ತು ಮನೆಯಲ್ಲಿ ಹತ್ತು ಬಗೆಯ ಬನ್ನು ಬಂದದ್ದನ್ನು ಕಂಡ ಮೇಲೆ ಆ ಕ್ರಮವನ್ನು ಬಿಟ್ಟೆ.

ಹಾಲನ್ನು ಒಮ್ಮೆ ಕುದಿಸಿ ತಣಿಸಿಕೊಂಡಿರಬೇಕು. ಹಸಿ ಹಾಲಿನ ಕೆಲವು ಪ್ರೋಟೀನುಗಳು ಹಿಟ್ಟಿನ ಜಾಲವನ್ನು ಸಡಿಲಗೊಳಿಸುತ್ತವೆ; ಕುದಿಸಿದಾಗ ಆ ತೊಂದರೆ ಹೋಗುತ್ತದೆ. ಮೈದಾ, ಸಕ್ಕರೆ, ಯೀಸ್ಟ್ ಬೆರೆಸಿ, 20 ಮಿಲಿಯಷ್ಟನ್ನು ಉಳಿಸಿಕೊಂಡು ಮಿಕ್ಕ ಹಾಲನ್ನು ಹಾಕಿ ಕಲಸಿ 20 ನಿಮಿಷ ಮುಚ್ಚಿಡಿ. ಆಮೇಲೆ ಉಪ್ಪು ಹಾಕಿ ನಾದಲು ಶುರುಮಾಡಿ, ಐದು ನಿಮಿಷದ ನಂತರ ಬೆಣ್ಣೆಯನ್ನು ಮೂರು ಸಲವಾಗಿ ಸೇರಿಸಿ. ಬೆಣ್ಣೆಯನ್ನು ಮೊದಲೇ ಹಾಕಿದರೆ ಅದು ಹಿಟ್ಟಿನ ಕಣಗಳನ್ನು ಸುತ್ತಿಕೊಂಡು ನೀರು ಹೀರಲು ಬಿಡುವುದಿಲ್ಲ. ಉಪ್ಪು ಬೆರೆತ ಬೆಣ್ಣೆಯಾದರೆ ಅಳತೆಯ ಉಪ್ಪನ್ನು 7 ಗ್ರಾಮಿಗೆ ಇಳಿಸಿಕೊಳ್ಳಿ. ಹಿಟ್ಟು ಬಿಗಿಯೆನಿಸಿದರೆ ಮಾತ್ರ ಉಳಿಸಿದ ಹಾಲನ್ನು ಕೊಡಿ.

ಎಣ್ಣೆ ಸವರಿದ ಪಾತ್ರೆಯಲ್ಲಿ ಹಿಟ್ಟು ಎರಡರಷ್ಟಾಗುವವರೆಗೆ ಮುಚ್ಚಿಡಿ. ಎಷ್ಟು ಹೊತ್ತು ಎಂದು ಎಲ್ಲರೂ ಕೇಳುತ್ತಾರೆ. ಗಡಿಯಾರಕ್ಕಿಂತ ಪಾತ್ರೆಯನ್ನು ನೋಡುವುದು ಲೇಸು. ಮೈಸೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಮುಕ್ಕಾಲು ಗಂಟೆಗೇ ಉಬ್ಬಿ ನಿಲ್ಲುವ ಹಿಟ್ಟು, ಡಿಸೆಂಬರ್ ಬೆಳಿಗ್ಗೆ ಎರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಬೆರಳನ್ನು ಮೈದಾದಲ್ಲಿ ಅದ್ದಿ ನಡುವೆ ಚುಚ್ಚಿ ತೆಗೆಯಿರಿ. ಕುಳಿ ಮುಚ್ಚಿಕೊಳ್ಳದೆ ಹಾಗೆಯೇ ಉಳಿದರೆ ಮುಂದಿನ ಕೆಲಸಕ್ಕೆ ಹಿಟ್ಟು ಸಿದ್ಧವಾಗಿದೆ. ಗಾಳಿಯನ್ನು ಮೆಲ್ಲಗೆ ಒತ್ತಿ ತೆಗೆದು, ಸುಮಾರು 58 ಗ್ರಾಮಿನ ಹದಿನಾರು ಉಂಡೆಗಳನ್ನು ಮಾಡಿ, ಒದ್ದೆ ಬಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ. ಗಂಟು ಹಾಕುವ ಕ್ರಮವನ್ನು ಮುಂದಿನ ಉತ್ತರದಲ್ಲಿ ವಿವರಿಸಿದ್ದೇನೆ. ಗಂಟು ಹಾಕಿದ ಬನ್ನುಗಳನ್ನು ತಟ್ಟೆಯಲ್ಲಿ ಎರಡೆರಡು ಬೆರಳು ಅಂತರ ಬಿಟ್ಟು ಜೋಡಿಸಿ, 40ರಿಂದ 50 ನಿಮಿಷ ಮತ್ತೆ ಉಬ್ಬಲು ಬಿಡಬೇಕು. ಈ ಸಲ ಪಕ್ಕದಲ್ಲಿ ಬೆರಳಿನಿಂದ ಒತ್ತಿದರೆ ಕುಳಿ ನಿಧಾನವಾಗಿ ಮೇಲೆದ್ದು ಸ್ವಲ್ಪ ಗುರುತು ಉಳಿಯಬೇಕು. ತಕ್ಷಣ ಪುಟಿದೆದ್ದರೆ ಇನ್ನೂ ಹೊತ್ತಿದೆ. ಏಳದೆ ಕುಸಿದರೆ ಹೊತ್ತು ಮೀರಿದೆ.

ಓಟಿಜಿಯನ್ನು, ಎಂದರೆ ಮನೆಬಳಕೆಯ ಸಣ್ಣ ವಿದ್ಯುತ್ ಓವನ್ನನ್ನು, ಮೇಲಿನ ಕೆಳಗಿನ ಎರಡೂ ಸರಳುಗಳ ಶಾಖದಲ್ಲಿ 180 ಡಿಗ್ರಿಗೆ ಹದಿನೈದು ನಿಮಿಷ ಮೊದಲೇ ಕಾಯಿಸಿಟ್ಟು, ಬನ್ನಿನ ಮೇಲೆ ಹಾಲು ಸವರಿ, ನಡುವಿನ ಅಂತಸ್ತಿನಲ್ಲಿ 16ರಿಂದ 20 ನಿಮಿಷ ಬೇಯಿಸಿ. ಮೇಲೆ ಜೇನುಬಣ್ಣ ಬಂದ ಕೂಡಲೇ ತೆಗೆಯಬೇಕು. ಇನ್ನೂ ಕೆಂಪಾಗಲಿ ಎಂದು ಐದು ನಿಮಿಷ ಹೆಚ್ಚು ಬಿಟ್ಟರೆ ಒಳಗಿನ ತೇವ ಹೊರಟುಹೋಗುತ್ತದೆ. ಹೊರತೆಗೆದ ತಕ್ಷಣ ಬೆಣ್ಣೆ ಸವರಿ, ಹತ್ತು ನಿಮಿಷ ತೆಳು ಬಟ್ಟೆ ಮುಚ್ಚಿದರೆ ಅದರದೇ ಹಬೆಯಲ್ಲಿ ಮೇಲ್ಪದರ ಮೆತ್ತಗಾಗುತ್ತದೆ.

ಮೊಟ್ಟೆ ತಿನ್ನುವವರು ಒಂದು ಮೊಟ್ಟೆ ಸೇರಿಸಿ, ಹಾಲನ್ನು 45 ಮಿಲಿ ಕಡಿಮೆ ಮಾಡಿಕೊಳ್ಳಬಹುದು. ಬಣ್ಣ ಹೆಚ್ಚು ಚೆನ್ನಾಗಿ ಬರುತ್ತದೆ, ಆದರೆ ಮೃದುತನಕ್ಕೆ ಮೊಟ್ಟೆ ಬೇಕೇ ಬೇಕೆಂದಿಲ್ಲ.

ಪ್ರಶ್ನೆ: ಗಂಟು ಹಾಕಿದಾಗ ಅಂದವಾಗಿರುತ್ತದೆ, ಬೆಂದ ಮೇಲೆ ಕೆಲವು ಬಿಚ್ಚಿಕೊಂಡು ಬಿದ್ದಿರುತ್ತವೆ, ಕೆಲವು ನಡುವೆ ಸೀಳಿರುತ್ತವೆ. ಹೊಸೆಯುವಾಗ ಹಗ್ಗ ಎಳೆದಷ್ಟೂ ಹಿಂದಕ್ಕೆ ಕುಗ್ಗುತ್ತದೆ.
(ಶಾಲಾ ಶಿಕ್ಷಕಿ, ನಂಜನಗೂಡು)

ಉತ್ತರ: ನಿಮ್ಮ ಪತ್ರದಲ್ಲಿರುವ ಮೂರು ದೋಷಗಳಿಗೂ ಕಾರಣ ಬೇರೆ ಬೇರೆ.

ಹಗ್ಗ ಹಿಂದಕ್ಕೆ ಕುಗ್ಗಿದರೆ ಹಿಟ್ಟಿಗೆ ವಿಶ್ರಾಂತಿ ಸಾಲದು ಎಂದರ್ಥ. ಉಂಡೆ ಮಾಡಿದಾಗ ಬಿಗಿದುಕೊಂಡ ಜಾಲ ಸಡಿಲಗೊಳ್ಳಲು ಹತ್ತು ನಿಮಿಷ ಬೇಕು. ಎಲ್ಲ ಉಂಡೆಗಳನ್ನೂ ಮೊದಲು ಅರ್ಧ ಉದ್ದಕ್ಕೆ ಹೊಸೆದು ಸಾಲಾಗಿ ಇಟ್ಟು, ಆಮೇಲೆ ಮೊದಲನೆಯದರಿಂದ ಪ್ರಾರಂಭಿಸಿ ಪೂರ್ತಿ ಉದ್ದಕ್ಕೆ ಹೊಸೆಯಿರಿ. ನಡುವಿನಿಂದ ತುದಿಗಳ ಕಡೆಗೆ ಅಂಗೈ ಸರಿಯಬೇಕು. ಎರಡು ತುದಿ ಹಿಡಿದು ಎಳೆಯಬಾರದು. ಒಂದು ಗೇಣಿಗಿಂತ ಎರಡು ಬೆರಳು ಹೆಚ್ಚು, ಎಂದರೆ ಸುಮಾರು 25 ಸೆಂಟಿಮೀಟರ್ ಉದ್ದ ಸಾಕು. ಕಟ್ಟೆಗೆ ಮೈದಾ ಉದುರಿಸಬೇಡಿ: ಮೈದಾ ಇದ್ದರೆ ಹಿಟ್ಟು ಹೊರಳದೆ ಜಾರುತ್ತದೆ, ಜೊತೆಗೆ ಒಣಮೈದಾ ಅಂಟಿದ ಎರಡು ಮೈಗಳು ಒಂದಕ್ಕೊಂದು ಕೂಡುವುದಿಲ್ಲ. ನಿಮ್ಮ ಗಂಟುಗಳು ಬಿಚ್ಚಿಕೊಳ್ಳುವುದಕ್ಕೆ ಇದೇ ಕಾರಣವಿರಬೇಕು.

ಗಂಟಿನ ಕ್ರಮ ಹೀಗಿದೆ. ಹಗ್ಗವನ್ನು ಎಡಗೈಯ ತೋರುಬೆರಳು ಮತ್ತು ನಡುಬೆರಳಿನ ಮೇಲೆ ಹಾಯಿಸಿ ಒಂದು ಕುಣಿಕೆ ಮಾಡಿ, ಒಂದು ತುದಿಯನ್ನು ಅದರೊಳಗಿಂದ ತೂರಿಸಿ ಹೊರತೆಗೆಯಿರಿ. ಈಗ ಸಾಧಾರಣ ಗಂಟಾಯಿತು, ಎರಡು ಕಡೆಯೂ ಬಾಲಗಳು ಉಳಿದವು. ಮೇಲಿರುವ ಬಾಲವನ್ನು ಗಂಟನ್ನು ಬಳಸಿ ಕೆಳಗೆ ಸೇರಿಸಿ ಅಡಿಯಲ್ಲಿ ಒತ್ತಿ. ಕೆಳಗಿನ ಬಾಲವನ್ನು ಇನ್ನೊಂದು ಪಕ್ಕದಿಂದ ಬಳಸಿ ಮೇಲೆ ತಂದು ನಡುವಿನ ರಂಧ್ರದಲ್ಲಿ ಇಳಿಸಿದರೆ ಅದು ಮೊಗ್ಗಿನಂತೆ ಕೂರುತ್ತದೆ. ಇಲ್ಲಿ ಕೈಬಿಗಿ ಮಾಡಬಾರದು. ಮಲ್ಲಿಗೆ ಕಟ್ಟುವವರು ದಾರವನ್ನು ಹೂವಿನ ತೊಟ್ಟಿಗೆ ಹಿಡಿಯುವಷ್ಟು ಮಾತ್ರ ಬಿಗಿದು ಬಿಡುತ್ತಾರಲ್ಲ, ಅಷ್ಟೇ ಹದ ಇಲ್ಲಿಯೂ ಬೇಕು. ಉಬ್ಬುವ ಹಿಟ್ಟಿಗೆ ಗಂಟಿನೊಳಗೆ ಜಾಗವಿಲ್ಲದಿದ್ದರೆ ಅದು ಓವನ್ನಿನ ಶಾಖದಲ್ಲಿ ಒಮ್ಮೆಲೇ ಹಿಗ್ಗಿ ಸೀಳಿಕೊಳ್ಳುತ್ತದೆ. ಎರಡನೆಯ ಸಲ ಸಾಕಷ್ಟು ಉಬ್ಬಿಸದೆ ಬೇಯಿಸಿದರೂ ಸೀಳು ಬರುತ್ತದೆ ಎಂಬುದನ್ನು ಗಮನದಲ್ಲಿಡಿ.

ಪ್ರಶ್ನೆ: ಯೀಸ್ಟ್ ಹಾಕಿ ಮೂರು ಗಂಟೆ ಕಾದರೂ ಹಿಟ್ಟು ಅಲುಗಲಿಲ್ಲ. ಕುದಿಯುವ ಹಾಲನ್ನು ಸ್ವಲ್ಪ ಆರಿಸಿಯೇ ಹಾಕಿದ್ದೆ. ಪ್ಯಾಕೆಟ್ಟು ಐದಾರು ತಿಂಗಳಿಂದ ಅಡುಗೆಮನೆಯ ಕಪಾಟಿನಲ್ಲಿತ್ತು.
(ಪಾಂಡವಪುರ)

ಉತ್ತರ: ಎರಡರಲ್ಲಿ ಒಂದು ಸಾಕು, ನಿಮ್ಮಲ್ಲಿ ಎರಡೂ ಸೇರಿವೆ. ಯೀಸ್ಟ್ ಎಂಬುದು ಜೀವವಿರುವ ಸೂಕ್ಷ್ಮಾಣು. ಹಿಟ್ಟಿನ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ಬಿಡುವುದರಿಂದಲೇ ಹಿಟ್ಟು ಉಬ್ಬುತ್ತದೆ. ಶಾಖ 55ರಿಂದ 60 ಡಿಗ್ರಿ ಮುಟ್ಟಿದರೆ ಅದು ಸಾಯುತ್ತದೆ. ಕುದಿದ ಹಾಲು ಐದು ನಿಮಿಷ ಆರಿದ ಮಾತ್ರಕ್ಕೆ ಅಷ್ಟು ತಣ್ಣಗಾಗಿರುವುದಿಲ್ಲ. ಕೂಸಿಗೆ ಹಾಲು ಕುಡಿಸುವ ಮೊದಲು ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡುತ್ತೇವಲ್ಲ, ಹಾಗೆಯೇ ನೋಡಿ. ಬಿಸಿ ಎನಿಸದಿದ್ದರೆ ಹಾಕಬಹುದು.

ತೆರೆದ ಪ್ಯಾಕೆಟ್ಟನ್ನು ಗಾಳಿಯಾಡದ ಸಣ್ಣ ಡಬ್ಬಿಗೆ ಸುರಿದು ಫ್ರೀಜರಿನಲ್ಲಿಡಬೇಕು. ಹಳೆಯದಾಗಿದ್ದರೆ ಅರ್ಧ ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್ ಹಾಕಿ ಹತ್ತು ನಿಮಿಷ ನೋಡಿ: ಮೇಲೆ ನೊರೆ ಕಟ್ಟಿದರೆ ಜೀವವಿದೆ, ಕಟ್ಟದಿದ್ದರೆ 500 ಗ್ರಾಂ ಮೈದಾವನ್ನೂ ಬೆಣ್ಣೆಯನ್ನೂ ಅದಕ್ಕೆ ನಂಬಿ ಕೊಡಬೇಡಿ. ಕಣ ದಪ್ಪವಾಗಿರುವ ಆ್ಯಕ್ಟಿವ್ ಡ್ರೈ ಯೀಸ್ಟ್ ಆದರೆ ಹೀಗೆ ನೆನೆಸಿಯೇ ಬಳಸಬೇಕು, ಪ್ರಮಾಣವೂ ಕಾಲು ಭಾಗ ಹೆಚ್ಚು ಬೇಕು. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರಲು ನೀವು ಏನು ಮಾಡುತ್ತೀರೋ ಇದಕ್ಕೂ ಅದನ್ನೇ ಮಾಡಬಹುದು. ಆಫ್ ಮಾಡಿದ ಓವನ್ನಿನೊಳಗೆ ಒಂದು ಪಾತ್ರೆ ಬಿಸಿನೀರಿನ ಜೊತೆಗೆ ಹಿಟ್ಟಿಟ್ಟು ಬಾಗಿಲು ಹಾಕುವುದು ನನ್ನ ಕ್ರಮ.

ಪ್ರಶ್ನೆ: ನಮ್ಮೂರಿನಲ್ಲಿ ಒಳ್ಳೆಯ ಬೆಲ್ಲ ಸಿಗುವಾಗ ಸಕ್ಕರೆ ಏಕೆ? ಮೈದಾ ಬದಲು ಗೋಧಿ ಹಿಟ್ಟು, ರಾಗಿ ಹಿಟ್ಟು ಹಾಕಿದರೆ ಗಂಟು ಬನ್ನು ಬರುವುದೇ?
(ರೈತ ಕುಟುಂಬದ ಓದುಗರು, ಮದ್ದೂರು, ಇದೇ ಪ್ರಶ್ನೆ ಕೆ.ಆರ್. ಪೇಟೆಯಿಂದಲೂ ಬಂದಿದೆ)

ಉತ್ತರ: ಬೆಲ್ಲದ ಬನ್ನು ನನಗೂ ಬಹಳ ಇಷ್ಟವಾದದ್ದು. ಆಲೆಮನೆಯಿಂದ ಬಂದ ಹೊಸ ಬೆಲ್ಲ ಹಾಕಿದ ದಿನ ಓವನ್ನಿನ ಬಾಗಿಲು ತೆರೆದರೆ ಪಾಕದ ಕೊಪ್ಪರಿಗೆಯ ಪಕ್ಕದಲ್ಲಿ ನಿಂತ ಹಾಗೆ ಕಂಪು ಬರುತ್ತದೆ. ಮಂಡ್ಯದ ಸೀಮೆಯವರು ಇದನ್ನು ಮಾಡದೆ ಇರಬಾರದು. ಒಂದು ಎಚ್ಚರಿಕೆ ಮಾತ್ರ ಬೇಕು. ಬೆಲ್ಲವನ್ನು ಬಿಸಿ ಹಾಲಿಗೆ ಹಾಕಿದರೆ ಹಾಲು ಒಡೆಯುವ ಸಂಭವವಿದೆ ಎಂಬುದು ಪಾಯಸ ಮಾಡುವ ಎಲ್ಲರಿಗೂ ಗೊತ್ತು. ಆದ್ದರಿಂದ 60 ಗ್ರಾಂ ಬೆಲ್ಲದ ಪುಡಿಯನ್ನು 60 ಮಿಲಿ ನೀರಿನಲ್ಲಿ ಕರಗಿಸಿ, ಮರಳೂ ಕಡ್ಡಿಯೂ ಹೋಗುವಂತೆ ಶೋಧಿಸಿ, ಪೂರ್ತಿ ತಣಿಸಿ, ಹಾಲನ್ನು 260 ಮಿಲಿಗೆ ಇಳಿಸಿಕೊಂಡು, ಎರಡನ್ನೂ ತಣ್ಣಗಿರುವಾಗಲೇ ಹಿಟ್ಟಿಗೆ ಹಾಕಬೇಕು. ಬೆಲ್ಲ ಬೇಗ ಕೆಂಪಾಗುವುದರಿಂದ ಹನ್ನೆರಡನೆಯ ನಿಮಿಷಕ್ಕೆ ಒಮ್ಮೆ ಇಣುಕಿ ನೋಡಿ, ಬಣ್ಣ ಬಂದಿದ್ದರೆ ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿ.

ಗೋಧಿ ಹಿಟ್ಟಿನ ಮಾತಿಗೆ ಬಂದರೆ, ಮೈದಾದ ಅರ್ಧದಷ್ಟನ್ನು ಚಪಾತಿ ಹಿಟ್ಟಿನಿಂದ ತುಂಬಬಹುದು. ಗಿರಣಿಯ ಕಲ್ಲಿನಲ್ಲಿ ಬೀಸುವಾಗ ಪಿಷ್ಟದ ಕಣಗಳು ಹೆಚ್ಚು ಜಜ್ಜಿಹೋಗುವುದರಿಂದಲೂ, ತೌಡು ಇರುವುದರಿಂದಲೂ ಅದು ಮೈದಾಗಿಂತ ಹೆಚ್ಚು ನೀರು ಕುಡಿಯುತ್ತದೆ; 40 ಮಿಲಿ ಹಾಲು ಹೆಚ್ಚಿಸಿ, ನಾದುವ ಮುಂಚೆ 20 ನಿಮಿಷದ ಬದಲು 40 ನಿಮಿಷ ನೆನೆಸಿ. ಪೂರ್ತಿ ಗೋಧಿ ಹಿಟ್ಟಿನದಾದರೆ ತಿನ್ನಲು ಹಿತವಾದ, ಆದರೆ ಒತ್ತಾದ ಬನ್ನು ಬರುತ್ತದೆ. ತೌಡಿನ ಚೂರುಗಳು ಹಿಟ್ಟಿನ ಪೊರೆಯನ್ನು ಅಲ್ಲಲ್ಲಿ ಕೊಯ್ಯುವುದೇ ಇದಕ್ಕೆ ಕಾರಣ.

ರಾಗಿಯಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಮುದ್ದೆಗೆ ಅದು ಎಷ್ಟು ಒಳ್ಳೆಯದೋ ಗಂಟು ಹಾಕುವ ಹಗ್ಗಕ್ಕೆ ಅಷ್ಟೇ ಒಗ್ಗದು. 500 ಗ್ರಾಮಿನಲ್ಲಿ 50ರಿಂದ 75 ಗ್ರಾಂ ರಾಗಿ ಹಿಟ್ಟು ಸೇರಿಸಿದರೆ ರುಚಿಯೂ ಬಣ್ಣವೂ ಬರುತ್ತದೆ, ಎಳೆತವೂ ಉಳಿಯುತ್ತದೆ. ಆ ರಾಗಿ ಹಿಟ್ಟನ್ನು ಮೇಲೆ ಹೇಳಿದ ಅಂಬಲಿಯ ರೀತಿಯಲ್ಲಿ ಹಾಲಿನಲ್ಲಿ ಕಾಯಿಸಿ ಸೇರಿಸಿದರೆ ಬಾಯಿಗೆ ತರಿ ಸಿಗುವುದಿಲ್ಲ. ಅದಕ್ಕಿಂತ ಹೆಚ್ಚು ರಾಗಿ ಬೇಕೆನ್ನುವವರು ಗಂಟನ್ನು ಬಿಟ್ಟು ದುಂಡು ಬನ್ನು ಮಾಡುವುದು ಉತ್ತಮ.

ಪ್ರಶ್ನೆ: ನಮ್ಮಲ್ಲಿ ಓವನ್ ಇಲ್ಲ. ಕುಕ್ಕರಿನಲ್ಲಿ ಮಾಡಬಹುದೇ ಅಮ್ಮಾ? ಮೈಕ್ರೋವೇವ್ ಇರುವ ಅಕ್ಕನ ಮನೆಯಲ್ಲಿ ಮಾಡಿದಾಗ ಬನ್ನು ರಬ್ಬರಿನಂತಾಯಿತು.
(ಪದವಿ ವಿದ್ಯಾರ್ಥಿನಿ, ಮಳವಳ್ಳಿ)

ಉತ್ತರ: ಮಾಡಬಹುದಮ್ಮ, ಆದರೆ ಕುಕ್ಕರಿನ ಬದಲು ದಪ್ಪ ತಳದ ಹಳೆಯ ಪಾತ್ರೆ ಅಥವಾ ಬಾಣಲೆಯನ್ನು ಆರಿಸಿಕೊ. ನೀರಿಲ್ಲದೆ ಕಾಯಿಸುವುದು ಕುಕ್ಕರಿಗೆ ಒಳ್ಳೆಯದಲ್ಲ. ತಳದಲ್ಲಿ ಒಂದು ಬೆರಳು ದಪ್ಪ ಕಲ್ಲುಪ್ಪು ಹರಡಿ, ಅದರ ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಬಿಗಿಯಾದ ಮುಚ್ಚಳ ಹಾಕಿ, ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸು. ಬನ್ನಿನ ತಟ್ಟೆಯನ್ನು ಒಳಗಿಟ್ಟ ಮೇಲೆ ಉರಿ ಸಣ್ಣದಾಗಿರಲಿ, 25ರಿಂದ 30 ನಿಮಿಷ ಬೇಕಾಗುತ್ತದೆ. ತಟ್ಟೆ ಪಾತ್ರೆಯ ಗೋಡೆಗೆ ತಾಗದಂತೆ, ಸುತ್ತಲೂ ಬಿಸಿ ಗಾಳಿ ಓಡಾಡುವಷ್ಟು ಚಿಕ್ಕದಿರಬೇಕು. ಮೇಲೆ ಬಣ್ಣ ಬರುವುದಿಲ್ಲ. ಬೆಂದ ಮೇಲೆ ಕಾದ ತವಾದ ಮೇಲೆ ಬೆಣ್ಣೆ ಹಾಕಿ ತಲೆಕೆಳಗಾಗಿ ಅರ್ಧ ನಿಮಿಷ ಇಟ್ಟರೆ ಕೆಂಪಾಗುತ್ತದೆ.

ಅಕ್ಕನ ಮನೆಯ ಮೈಕ್ರೋವೇವಿನಲ್ಲಿ ಕನ್ವೆಕ್ಷನ್ ಎಂಬ ಗುಂಡಿ ಇದ್ದರೆ ಅದನ್ನೊತ್ತಿ, 180 ಡಿಗ್ರಿಗೆ ಕಾಯಿಸಿ ಬಳಸಬಹುದು. ಬರಿಯ ಮೈಕ್ರೋವೇವ್ ಅಲೆಗಳಲ್ಲಿ ಬನ್ನು ಎಂದಿಗೂ ಸರಿಬರುವುದಿಲ್ಲ.

ಪ್ರಶ್ನೆ: ಬೇಕರಿಯ ಬನ್ನು ಅಷ್ಟು ಹಗುರವಾಗಿ, ದಿನಗಟ್ಟಲೆ ಮೆತ್ತಗೆ ಇರಲು ಏನು ಹಾಕುತ್ತಾರೆ? ಅದನ್ನು ಮನೆಯಲ್ಲಿಯೂ ಹಾಕಬಹುದೇ?
(ನಿವೃತ್ತ ನೌಕರರು, ಮಂಡ್ಯ)

ಉತ್ತರ: ಬ್ರೆಡ್ ಇಂಪ್ರೂವರ್ ಎಂಬ ಮಿಶ್ರಣವನ್ನೂ, ಬೂಷ್ಟು ತಡೆಯಲು ಕ್ಯಾಲ್ಸಿಯಂ ಪ್ರೊಪಿಯೊನೇಟನ್ನೂ ಅನೇಕ ಬೇಕರಿಗಳು ಬಳಸುತ್ತವೆ, ಇವಕ್ಕೆ ಅನುಮತಿಯಿದೆ. ಹಿಂದೆ ಬಳಕೆಯಲ್ಲಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ನಿಷೇಧಿಸಿದೆ. ದೊಡ್ಡ ಯಂತ್ರದಲ್ಲಿ ಬಿರುಸಾಗಿ ನಾದುವುದೂ ಅವರ ಬನ್ನಿನ ಹಗುರಕ್ಕೆ ದೊಡ್ಡ ಕಾರಣ. ಮನೆಯಲ್ಲಿ ಬೇಯಿಸಿದ್ದು ಮೂರು ದಿನದೊಳಗೆ ಖಾಲಿಯಾಗುವುದರಿಂದ ನಿಮಗೆ ಇವು ಯಾವುವೂ ಬೇಡ.

ಇದೇ ಪತ್ರದಲ್ಲಿ ತರಬೇತಿಯ ಬಗ್ಗೆಯೂ ವಿಚಾರಿಸಿದ್ದೀರಿ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಿಂದ ಇರುವ, ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿ ಹಿಟ್ಟು ಮತ್ತು ಬೇಕರಿ ತಂತ್ರಜ್ಞಾನಕ್ಕೆಂದೇ ಒಂದು ವಿಭಾಗವಿದೆ. ಸಂಸ್ಥೆ ಅಲ್ಪಾವಧಿಯ ತರಬೇತಿಗಳನ್ನೂ ನಡೆಸುತ್ತದೆ. ಬೆಂಗಳೂರಿನ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದಲ್ಲಿಯೂ ಬೇಕರಿ ತರಬೇತಿ ಘಟಕವಿದೆ.

ಪ್ರಶ್ನೆ: ಗಂಟು ಬನ್ನಿಗೆ ಬೆಳ್ಳುಳ್ಳಿ ಬೆಣ್ಣೆಯನ್ನು ಯಾವಾಗ ಸವರಬೇಕು?
(ಹುಣಸೂರು)

ಉತ್ತರ: ಬೆಂದ ಮೇಲೆ. ಮೊದಲೇ ಸವರಿದರೆ ಬೆಳ್ಳುಳ್ಳಿ ಸೀದು ಕಹಿಯಾಗುತ್ತದೆ. ಹಸಿ ಬೆಳ್ಳುಳ್ಳಿಯನ್ನು ಹಿಟ್ಟಿನೊಳಗೆ ಹಾಕುವುದೂ ಬೇಡ, ಅದು ಹಿಟ್ಟಿನ ಜಾಲವನ್ನು ದುರ್ಬಲಗೊಳಿಸುತ್ತದೆ. ಬೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿಯನ್ನು ಹಸಿವಾಸನೆ ಹೋಗುವಷ್ಟು ಬಾಡಿಸಿ, ಕೊತ್ತಂಬರಿ ಸೊಪ್ಪು ಸೇರಿಸಿ, ಬಿಸಿ ಬನ್ನಿನ ಗಂಟಿನ ಸಂದುಗಳಿಗೆಲ್ಲ ಇಳಿಯುವಂತೆ ಸವರಿ. ಆಗ ಬನ್ನಿನ ಸಕ್ಕರೆಯನ್ನು 15 ಗ್ರಾಮಿಗೆ ಇಳಿಸಿಕೊಳ್ಳಿ.

ಪ್ರಶ್ನೆ: ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ಸಂಜೆ ಏಳಕ್ಕೆ ಬರುತ್ತೇನೆ. ನನ್ನಂಥವರು ಭಾನುವಾರ ಮಾತ್ರವೇ ಇದನ್ನು ಮಾಡಬೇಕೇ?
(ಉದ್ಯೋಗಸ್ಥೆ, ವಿಜಯನಗರ, ಮೈಸೂರು)

ಉತ್ತರ: ಬೇಕಾಗಿಲ್ಲ. ಬೆಂದ ಬನ್ನಿಗೆ ಫ್ರಿಜ್ಜು ಶತ್ರುವಾದರೂ ಹಸಿ ಹಿಟ್ಟಿಗೆ ಅದು ಒಳ್ಳೆಯ ಸಹಾಯ. ರಾತ್ರಿ ಎಂಟಕ್ಕೆ ಯೀಸ್ಟನ್ನು 4 ಗ್ರಾಮಿಗೆ ಇಳಿಸಿ ಹಿಟ್ಟು ನಾದಿ, ಅರ್ಧ ಗಂಟೆ ಹೊರಗಿಟ್ಟು, ಮುಚ್ಚಳವಿರುವ ದೊಡ್ಡ ಡಬ್ಬಿಯಲ್ಲಿ ಫ್ರಿಜ್ಜಿನೊಳಗೆ ಇಟ್ಟುಬಿಡಿ. ತಂಪಿನಲ್ಲಿ ಯೀಸ್ಟ್ ನಿಧಾನವಾಗಿ ಕೆಲಸ ಮಾಡುವುದರಿಂದ ಮರುದಿನ ಸಂಜೆ ನೀವು ಬರುವವರೆಗೂ ಹಿಟ್ಟು ಕೆಡದೆ ಕಾಯುತ್ತದೆ, ಪರಿಮಳವೂ ಹೆಚ್ಚಿರುತ್ತದೆ. ಇನ್ನೊಂದು ಅನುಕೂಲವೆಂದರೆ ತಣ್ಣಗಿನ ಬೆಣ್ಣೆ ಹಿಟ್ಟನ್ನು ಬಿಗಿಹಿಡಿದಿರುವುದರಿಂದ ಅಂಟು ಕಡಿಮೆಯಾಗಿ, ಹೊಸಬರ ಕೈಗೂ ಗಂಟು ಸುಲಭವಾಗಿ ಬರುತ್ತದೆ. ತಣ್ಣಗಿರುವಾಗಲೇ ಉಂಡೆ ಮಾಡಿ, ಹತ್ತಿಪ್ಪತ್ತು ನಿಮಿಷ ಬಿಟ್ಟು ಹೊಸೆದು ಗಂಟು ಹಾಕಿ. ಎರಡನೆಯ ಉಬ್ಬು ಮಾತ್ರ ಒಂದೂಕಾಲು ಗಂಟೆಯವರೆಗೆ ಹಿಡಿಯಬಹುದು. ಅಷ್ಟರಲ್ಲಿ ರಾತ್ರಿಯ ಸಾರು, ಅನ್ನ ಮಾಡಿಕೊಳ್ಳಬಹುದು. ಮುಚ್ಚಳ ತೆಗೆದಾಗ ಹಿಟ್ಟು ಕುಸಿದು, ಹುಳಿಹುಳಿಯಾದ ಹೆಂಡದಂಥ ವಾಸನೆ ಬಂದರೆ ಹೆಚ್ಚು ಹೊತ್ತು ಆಗಿದೆ ಎಂದು ತಿಳಿದು, ಮುಂದಿನ ಸಲ ಯೀಸ್ಟನ್ನು 3 ಗ್ರಾಮಿಗೆ ಇಳಿಸಿ. ಆ ದಿನದ ಹಿಟ್ಟನ್ನು ಎಸೆಯಬೇಡಿ. ತೆಳ್ಳಗೆ ತಟ್ಟಿ, ಎಣ್ಣೆ ಸವರಿ, ಈರುಳ್ಳಿ ಹಸಿಮೆಣಸಿನಕಾಯಿ ಹಾಕಿ ತವಾದ ಮೇಲೆ ಮುಚ್ಚಿ ಬೇಯಿಸಿದರೆ ಸಂಜೆಯ ತಿಂಡಿಯಾಗುತ್ತದೆ.